ಒಲೆಯಲ್ಲಿ ಒಬ್ಬ ಅರಸು

ನಮ್ಮೂರಲ್ಲಿ ಯಾರೂ ಬ್ಯಾಬಿಲೋನ್ ಅನ್ನುವುದಿಲ್ಲ.
'ಹಳತು' ಅನ್ನುತ್ತೇವೆ. ಹಳತಿಗೆ ಹೋಗಿ ಬಂದೆ,
ಹಳತಿನ ಕಡೆ ಕುರಿ ನುಗ್ಗಿವೆ, ನೋಡು.
ಅಲ್ಲಿ ನಾನು ಇಪ್ಪತ್ತೆರಡು ವರ್ಷದ ಕಾವಲುಗಾರ.
ಕಾಯುವುದೇನನ್ನು ಎಂದು ಕೇಳಬೇಡಿ.
ಸಿಂಹಗಳ ಬೀದಿಯ ನೀಲಿಯನ್ನು ಎಂದೋ ಹೊತ್ತೊಯ್ದರು
ದೂರದ ಚಳಿಯ ಊರಿಗೆ;
ಉಳಿದದ್ದು ಮಣ್ಣು, ಉಪ್ಪು, ಒಂಟೆಮುಳ್ಳು,
ಮತ್ತೆ ನನ್ನ ಸೀಟಿ.

ಅಮ್ಮ ತಿಸ್ವಾಹಿನಳ ರೊಟ್ಟಿಯ ಒಲೆ
ಹಿತ್ತಿಲಲ್ಲಿ, ಖರ್ಜೂರದ ಮರದ ಬುಡಕ್ಕೆ.
ಅಜ್ಜ ಕಟ್ಟಿದ್ದು,
ಹಳತಿನಿಂದ ಕತ್ತೆಯ ಮೇಲೆ ಹೇರಿ ತಂದ ಇಟ್ಟಿಗೆಯಲ್ಲಿ.
ಆಗ ಕೇಳುವವರಿರಲಿಲ್ಲ. ಹಿಲ್ಲಾದ ಎಷ್ಟೋ ಮನೆ
ಹಾಗೇ ಎದ್ದವು, ನದಿಯ ಕಟ್ಟೆಯೂ.
ಒಂದು ಊರು ಸತ್ತರೆ ಹತ್ತು ಊರಿಗೆ ಗೋಡೆ.

ನಡುಬೇಸಗೆ. ತಮ್ಮೂಜ್ ತಿಂಗಳು.
'ತಮ್ಮೂಜ್, ಕೂಜದೊಳಗೇ ನೀರು ಕುದಿಸ್ತಾನೆ'
ಬೆವರೊರೆಸುತ್ತ ಬೈಯುತ್ತಾಳೆ ಅಮ್ಮ,
ಅದೊಬ್ಬ ದೇವರ ಹೆಸರೆಂದು ತಿಳಿಯದೆ:
ವರ್ಷ ವರ್ಷವೂ ಬಿಸಿಲಿಗೆ ಸತ್ತು
ಹೆಂಗಸರ ಅಳುವಿನಲ್ಲಿ ನೆನೆದು
ಮತ್ತೆ ಚಿಗುರುತ್ತಿದ್ದ ಎಳೆಯ ಕುರುಬ.
ಈಗ ಅವನಿಗೆ ಗುಡಿಯಿಲ್ಲ, ಶೋಕವಿಲ್ಲ.
ಕ್ಯಾಲೆಂಡರಿನಲ್ಲಿ ಮೂವತ್ತೊಂದು ಚೌಕ,
ದಿನಾ ಬೈಗುಳದ ನೈವೇದ್ಯ.

ಹಿಟ್ಟಿನುಂಡೆ ಎಣಿಸುವುದನ್ನು ನೋಡಬೇಕು ನೀವು.
ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹತ್ತುತ್ತದೆ,
ನಾಲ್ಕು ಬೆರಳಿಗೆ ಹನ್ನೆರಡು.
ಹನ್ನೆರಡಾದರೆ ಎಡಗೈಯ ಒಂದು ಬೆರಳು ಮಡಚು,
ಐದೂ ಮಡಚಿದರೆ ಅರವತ್ತು, ಮದುವೆಮನೆಯ ಲೆಕ್ಕ.
ನನ್ನ ಕೈಗಡಿಯಾರವೂ ಅರವತ್ತಕ್ಕೇ
ಒಂದು ಸುತ್ತು ಮುಗಿಸಿ ಉಸಿರುಬಿಡುತ್ತದೆ.
ಯಾರು ಕಲಿಸಿದರಮ್ಮಾ?
'ನನ್ನಮ್ಮ.' ಅವಳಿಗೆ?
'ಅವಳಮ್ಮ. ರೊಟ್ಟಿ ಸೀಯುತ್ತೆ, ಪಕ್ಕಕ್ಕೆ ಸರಿ.'

ಒಂದು ಬೆಳಗ್ಗೆ ಇಲಾಖೆಯಿಂದ ಬಂದಳು ರಫೀಫ್,
ಕೈಯಲ್ಲಿ ಪಟ್ಟಿ, ಟಾರ್ಚು, ಮೆತ್ತನೆ ಬ್ರಷ್ಷು.
ಮನೆಮನೆಯ ಗೋಡೆಯಲ್ಲಿ ಮುದ್ರೆಯೊತ್ತಿದ ಇಟ್ಟಿಗೆ ಹುಡುಕಿ
ನಂಬರು ಬರೆಯುವ ಕೆಲಸ.
ನಾನೋ ಸರ್ಕಾರದ ಸಂಬಳದವ. ಒಲೆಗಿಂತ ಹೆಚ್ಚು ಬೆವರಿದೆ.

ಒಲೆಯ ಬಾಯಿಗೆ ತಲೆ ಹಾಕಿ ಮಸಿ ಕೆರೆದಳು.
ತಲೆಕೆಳಗಾಗಿ ಕೂತಿದ್ದ ಅರಸು.
ಪಕ್ಕದಲ್ಲೇ,
ಹಸಿ ಇಟ್ಟಿಗೆ ಒಣಗಲಿಟ್ಟ ದಿನ
ತುಳಿದು ಓಡಿದ ಯಾವುದೋ ನಾಯಿಯ ಪಂಜ.

'ಏನು ಬರೆದಿದೆ?' ಅಮ್ಮನ ಕೈ ಇನ್ನೂ ಹಿಟ್ಟಿನಲ್ಲಿ.
ಅರವತ್ತು ವರ್ಷ ಎದುರೆದುರು ಕೂತು
ಅಂದೇ ಮೊದಲು ಕೇಳಿದ್ದು.
ಹುಡುಗಿ ಕತ್ತು ತಿರುಚಿ ಓದಿದಳು ನಿಧಾನ:
ಬಾಬಿಲಿನ ದೊರೆ, ಇಂಥವನ ಹಿರಿಯ ಮಗ...
'ನಾಯಿಯದು?'
'ಅದಕ್ಕೆ ಹೆಸರಿಲ್ಲ, ಖಾಲಾ.'
'ಹೋಗಲಿ, ದೊರೆ ಏನು ಮಾಡಿದನಂತೆ?'
'ಗೆದ್ದದ್ದು, ಕಡಿದದ್ದು ಏನೂ ಇಲ್ಲ ಇದರಲ್ಲಿ.
ಎರಡು ಗುಡಿಗೆ ಅನ್ನ ಒದಗಿಸಿದವನು, ಅಷ್ಟೆ.'

ಬರೆಯದೆ ಬಿಟ್ಟದ್ದು ನನಗೆ ಗೊತ್ತಿತ್ತು:
ಒಂದು ಜನವನ್ನೇ ಅವನು ಮರಳುಗಾಡು ದಾಟಿಸಿ
ಈ ನದಿಯ ದಡಕ್ಕೆ ಎಳೆತಂದದ್ದು;
ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇಲ್ಲೇ ಬೇರುಬಿಟ್ಟು
ಬಟ್ಟೆ ಮಾರಿ, ಸಾಲ ಕೊಟ್ಟು, ಹಬ್ಬಕ್ಕೆ ಸಿಹಿ ಕಳಿಸಿ,
ಒಂದು ವಸಂತ ಬಾಗಿಲೆಳೆದುಕೊಂಡು ಹೋದದ್ದು;
ಹೋಗುವಾಗ ಸಾಲೆಹಾ ಎಂಬಾಕೆ ಅಜ್ಜಿಯ ಕೈಗೆ
ಎಣ್ಣೆಯ ಡಬ್ಬಿ ಕೊಟ್ಟು,
ಕಿಫ್ಲಿನ ನಮ್ಮ ಪ್ರವಾದಿಯ ದೀಪ ನೋಡಿಕೋ ಎಂದದ್ದು.
ಎಣ್ಣೆ ಎಷ್ಟು ದಿನ ಬಂತೋ.
ಡಬ್ಬಿಯಲ್ಲಿ ಈಗ ಎಳ್ಳಿದೆ.

ಹೇಳಲಿಲ್ಲ. ಒಲೆ ಕಾದಿತ್ತು.

'ಅನ್ನ ಕೊಡುವವನು ಅಂತ ತಾನೇ ಬರೆಸಿಕೊಂಡಿದ್ದಾನೆ'
ಎಂದಳು ಅಮ್ಮ, ಎಳ್ಳು ಉದುರಿಸುತ್ತ,
'ಅಂದಮೇಲೆ ಇಲ್ಲೇ ಇರಲಿ. ಮಾತು ಉಳಿಸಿಕೊಳ್ಳಲಿ.'

ಹುಡುಗಿ ಸೀಮೆಸುಣ್ಣದಲ್ಲಿ ನಾನೂರ ಹದಿನೇಳು ಎಂದು ಬರೆದು
ಎರಡು ರೊಟ್ಟಿ ತಿಂದು ಹೋದಳು.
ಸಂಜೆಯೊಳಗೆ ನಂಬರನ್ನು ಹೊಗೆ ತಿಂದಿತು.

ಅಂದಿನಿಂದ ಮೊದಲ ರೊಟ್ಟಿಯ ಅಂಚು ಮುರಿದು
ಬೀದಿನಾಯಿಗೆ ಎಸೆಯುತ್ತಾಳೆ.
ಯಾಕೆಂದು ನಾನು ಕೇಳಿಲ್ಲ.